ಎಡಗಡೆಯ ತಿರುಗಿದ ಹಲ್ಲು

ನಾನು ಹಲ್ಲು ಮಾಡುವವನು. ಡಾಕ್ಟರಲ್ಲ. ಡಾಕ್ಟರು ಹಲ್ಲು ಕೀಳುತ್ತಾರೆ, ಬಾಯಿಯ ಅಚ್ಚು ತೆಗೆದು ನನ್ನ ಲ್ಯಾಬಿಗೆ ಕಳಿಸುತ್ತಾರೆ. ನಾನು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ, ಕೊನೆಗೆ ಗುಲಾಬಿ ಒಸಡಿನ ಸಮೇತ ಪೂರ್ತಿ ಸೆಟ್ಟು ಮಾಡಿ ಡಬ್ಬಿಯಲ್ಲಿಟ್ಟು ವಾಪಸ್ ಕಳಿಸುತ್ತೇನೆ. ಅದನ್ನು ಹಾಕಿಕೊಂಡ ರೋಗಿ ಡಾಕ್ಟರ ಕೈ ಹಿಡಿದು ನೀವು ದೇವರಂಥವರು ಅನ್ನುತ್ತಾನೆ. ಡಾಕ್ಟರು ನಾಚಿಕೊಂಡು ಒಪ್ಪಿಕೊಳ್ಳುತ್ತಾರೆ. ಈ ಮೂವತ್ತೊಂದು ವರ್ಷದಲ್ಲಿ ಒಬ್ಬನೇ ಒಬ್ಬ ರೋಗಿಯೂ ನನ್ನ ಮುಖ ನೋಡಿಲ್ಲ. ನಾನೂ ಅವರ ಮುಖ ನೋಡಿಲ್ಲ, ಬಾಯಿ ಮಾತ್ರ ಗೊತ್ತು.

ಹಾಗಾಗಿ ಎದುರಿಗೆ ಯಾರೇ ನಕ್ಕರೂ ನನ್ನ ಕಣ್ಣು ಸೀದಾ ಬಾಯಿಗೇ ಹೋಗುತ್ತದೆ. ಇದರಲ್ಲಿ ನನ್ನ ತಪ್ಪೇನಿದೆ? ದರ್ಜಿ ಅಂಗಿಯ ಹೊಲಿಗೆ ನೋಡುವುದಿಲ್ಲವೆ? ಆದರೆ ನನ್ನ ಮಗಳು ಈ ಮಾತು ಒಪ್ಪುವುದಿಲ್ಲ. ಅವಳ ಕಾಲೇಜಿನ ಕೊನೆಯ ದಿನ ನಾನು ಅವಳ ಪ್ರಿನ್ಸಿಪಾಲರಿಗೆ, ಹತ್ತು ಜನರ ಮುಂದೆ, ಮೇಲಿನ ಸೆಟ್ಟು ಸ್ವಲ್ಪ ಸಡಿಲವಾದಂತಿದೆ ಸಾರ್, ಕಳಿಸಿಕೊಡಿ, ಸರಿ ಮಾಡಿಕೊಡುತ್ತೇನೆ ಅಂದಿದ್ದೆ. ಉಪಕಾರವಾಗಲಿ ಅಂತಲೇ ಅಂದದ್ದು. ಮಗಳು ಹದಿನೈದು ದಿನ ಮಾತು ಬಿಟ್ಟಳು.

ಈಗ ಅದೇ ಮಗಳು ಒಬ್ಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಕಿವಿ ಕೇಳದವರಿಗೆ ಯಂತ್ರ ಹೊಂದಿಸಿ ಕೊಡುವ ಕೆಲಸ ಅವನದು. ಅಂದರೆ ನಮ್ಮ ಬಳಗದವನೇ ಅಂತ ನನಗೆ ಒಳಗೊಳಗೇ ಖುಷಿಯಾಗಿತ್ತು. ತೊಡಕಿದ್ದದ್ದು ಅವನ ಅಪ್ಪನಲ್ಲಿ. ಅವರು ರೇಡಿಯೊದಲ್ಲಿ ಮೂವತ್ತು ವರ್ಷ ವಾರ್ತೆ ಓದಿ ನಿವೃತ್ತರಾದವರು. ದೊಡ್ಡ ಮಗನಿಗೆ ಬಂದಿದ್ದ ಒಂದು ಸಂಬಂಧವನ್ನು, ಹುಡುಗಿಯ ಅಪ್ಪ ಊಟ ಮಾಡುವಾಗ ಸದ್ದು ಮಾಡುತ್ತಾನೆ ಅನ್ನುವ ಒಂದೇ ಕಾರಣಕ್ಕೆ ಬೇಡವೆಂದಿದ್ದರಂತೆ. ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಅಲ್ಲಿಗೆ ಮುಗಿಯಿತು. ಅಪ್ಪನ ಮಾತು ಮೀರುವಷ್ಟು ಎದೆ ಹುಡುಗನಿಗಿರಲಿಲ್ಲ. ಇದನ್ನೆಲ್ಲ ಹೇಳುವಾಗ ಮಗಳು ಅತ್ತಳು. ಅವಳು ಅತ್ತರೆ ನನಗೆ ಕೈಕಾಲೇ ಆಡುವುದಿಲ್ಲ.

ಭಾನುವಾರ ಮಧ್ಯಾಹ್ನ ಎರಡೂ ಮನೆಯವರು ಸೇರಿ ಊಟ ಮಾಡುವುದು ಅಂತಾಯಿತು. ಜಾಗ ಆರಿಸಿದ್ದು ರೇಡಿಯೊದವರು. ಹೊಸದಾಗಿ ತೆರೆದಿದ್ದ ಇಟಾಲಿಯನ್ ರೆಸ್ಟೋರೆಂಟು.

"ಅಪ್ಪ, ಒಂದೇ ಒಂದು ಕೇಳ್ಕೋತೀನಿ," ಅಂದಳು ಮಗಳು. "ಅಲ್ಲಿ ಊಟ ಮುಗಿಯೋವರೆಗೂ ಹಲ್ಲಿನ ಸುದ್ದಿ ಎತ್ತಬೇಡ. ಯಾರ ಬಾಯೂ ನೋಡಬೇಡ."

"ಬಾಯಿ ನೋಡದೆ ಮಾತಾಡೋದು ಹೆಂಗೇ?"

"ಕಣ್ಣು ನೋಡಿ ಮಾತಾಡು. ಲೋಕದಲ್ಲಿ ಎಲ್ಲರೂ ಹಂಗೇ ಮಾಡೋದು."

"ಏನ್ ಕೆಲಸ ಮಾಡ್ತೀರಿ ಅಂತ ಕೇಳಿದ್ರೆ?"

"ಚಿಕ್ಕದೊಂದು ಲ್ಯಾಬ್ ಇದೆ ಅನ್ನು. ಅಲ್ಲಿಗೆ ನಿಲ್ಲಿಸು."

ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಅವಳು ನಗುವುದೇ ಹಾಗೆ, ಮದುವೆಯಾದ ದಿನದಿಂದ ನೋಡಿದ್ದೇನೆ. "ಊಟ ಮುಗಿಯೋವರೆಗೆ ತಾನೇ, ಮಾತು ಕೊಟ್ಬಿಡಿ," ಅಂದಳು. ಕೊಟ್ಟೆ.

ಅದೇ ವಾರ ಒಂದು ಕ್ಲಿನಿಕ್ಕಿನ ಡಾಕ್ಟರಮ್ಮ ಫೋನು ಮಾಡಿದರು. ಒಬ್ಬ ರೋಗಿಯ ಹಳೇ ಸೆಟ್ಟು ಕೈಜಾರಿ ಬಿದ್ದು ಒಡೆದಿದೆ, ಭಾನುವಾರ ಅವರಿಗೆ ಯಾವುದೋ ಮುಖ್ಯವಾದ ಊಟವಿದೆ, ಶನಿವಾರಕ್ಕೆ ಹೊಸದು ಬೇಕೇ ಬೇಕು ಅಂದರು. ಭಾನುವಾರ ಊಟ ಇರುವುದು ಇವನೊಬ್ಬನಿಗೇನಾ ಅಂತ ಆ ಕಾಣದ ರೋಗಿಗೆ ಮನಸ್ಸಿನಲ್ಲೇ ಬೈದೆ. ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಮೇಣದಲ್ಲಿ ಹಲ್ಲು ಕೂರಿಸಿದ ಮೇಲೆ ಅದನ್ನು ಒಮ್ಮೆ ಕ್ಲಿನಿಕ್ಕಿಗೆ ಕಳಿಸಿ, ರೋಗಿಯ ಬಾಯಲ್ಲಿಟ್ಟು ನೋಡಿ, ಕಚ್ಚಿಸಿ, ಆಮೇಲೆ ಗಟ್ಟಿ ಮಾಡಬೇಕು. ಅದಕ್ಕೆ ಒಂದು ದಿನ ಹೆಚ್ಚು ಬೇಕು. ನನಗೋ ಶನಿವಾರ ಕೂದಲು ಕತ್ತರಿಸಿಕೊಳ್ಳಬೇಕಿತ್ತು, ಕೋಟು ಇಸ್ತ್ರಿಗೆ ಕೊಡಬೇಕಿತ್ತು.

"ಟ್ರಯಲ್ ಬೇಡ ಬಿಡಿ ಡಾಕ್ಟ್ರೇ," ಅಂದೆ. "ನನ್ನ ಕೈ ಮೇಲೆ ನಂಬಿಕೆ ಇಡಿ."

ಅವರು ಇಟ್ಟರು. ನಾನೂ ಇಟ್ಟೆ. ನೋಡುವುದಕ್ಕೆ ಸೆಟ್ಟು ಬಲು ಚೆನ್ನಾಗಿಯೇ ಬಂತು. ಹಲ್ಲುಗಳನ್ನು ಸಾಲಾಗಿ ಒಂದೇ ಸಮ ಕೂರಿಸಿದರೆ ಮೈಲಿ ದೂರದಿಂದಲೇ ಕಟ್ಟಿಸಿದ್ದು ಅಂತ ಗೊತ್ತಾಗುತ್ತದೆ. ಅದಕ್ಕೇ ನಾನು ಮುಂದಿನ ಎರಡು ಹಲ್ಲಿನ ಪಕ್ಕದ್ದನ್ನು, ಎಡಗಡೆಯದನ್ನು, ಕೂದಲೆಳೆಯಷ್ಟು ಒಳಗೆ ತಿರುಗಿಸಿ ಕೂರಿಸುತ್ತೇನೆ. ನಾನು ಮಾಡಿದ ಪ್ರತಿಯೊಂದು ಸೆಟ್ಟಿನಲ್ಲೂ ಅದಿದೆ, ಅದೇ ನನ್ನ ರುಜು. ಈ ಉಪಾಯ ಎಲ್ಲಿ ಕಲಿತಿರಿ ಅಂತ ಡಾಕ್ಟರುಗಳು ಕೇಳಿದ್ದಾರೆ. ನಾನು ಹೇಳಿಲ್ಲ.

ಭಾನುವಾರ ಹೊತ್ತಿಗೆ ಸರಿಯಾಗಿ ಹೋದೆವು. ಆ ರೆಸ್ಟೋರೆಂಟಿನ ಗೋಡೆಗೆ ಗಾರೆಯನ್ನು ಅರ್ಧ ಮೆತ್ತಿ ಅರ್ಧ ಬಿಟ್ಟಿದ್ದರು. ಪಾಪ, ಕೆಲಸದವರು ಕೈಕೊಟ್ಟಿರಬೇಕು ಅಂದುಕೊಂಡೆ. ಹಾಗೆ ಬಿಡುವುದೇ ಈಗಿನ ಫ್ಯಾಷನ್ನು ಅಂತ ಮಗಳು ಕಿವಿಯಲ್ಲಿ ಹೇಳಿದಳು. ಅಡುಗೆಮನೆ ಊಟದ ಹಾಲ್‌ನ ನಟ್ಟನಡುವೆ, ಗಾಜಿನೊಳಗೆ ಇತ್ತು. ಅಲ್ಲಿ ಆರು ಜನ ಬಾಗಿ ನಿಂತು ಚಿಮಟದಿಂದ ತಟ್ಟೆಯ ಮೇಲೆ ಎಲೆ ಜೋಡಿಸುತ್ತಿದ್ದರು. ಆ ಏಕಾಗ್ರತೆ ನೋಡಿ, ಇವರು ನನ್ನ ಲ್ಯಾಬಿಗೆ ಬಂದಿದ್ದರೆ ಉದ್ಧಾರವಾಗುತ್ತಿದ್ದರು ಅನ್ನಿಸಿತು. ತಟ್ಟೆಗಳು ಬೋಗುಣಿಯಷ್ಟು ದೊಡ್ಡವು, ಊಟ ಮಾತ್ರ ಅಂಗೈಯಲ್ಲಿ ಮುಚ್ಚಿಡುವಷ್ಟು.

ಹುಡುಗ, ಅವನ ಅಮ್ಮ, ಅಪ್ಪ ಆಗಲೇ ಬಂದು ಕೂತಿದ್ದರು. ರೇಡಿಯೊದವರು ಎದ್ದು ನಿಂತು ತುಂಬುದನಿಯಲ್ಲಿ "ನಮಸ್ಕಾರ" ಅಂದರು. ಎಂಥ ದನಿ ಅದು! ನಾನು ಕೊಟ್ಟ ಮಾತಿನಂತೆ ಅವರ ಕಣ್ಣನ್ನೇ ನೋಡುತ್ತಾ ಕೈ ಮುಗಿದೆ. ಅಷ್ಟರಲ್ಲಿ ಅವರು ನಕ್ಕರು.

ಎಡಗಡೆ, ಮುಂದಿನ ಎರಡರ ಪಕ್ಕದ್ದು, ಕೂದಲೆಳೆಯಷ್ಟು ಒಳಗೆ ತಿರುಗಿತ್ತು. ಮುಂದಿನ ಹಲ್ಲಿನ ತುದಿಯಲ್ಲಿ, ವಯಸ್ಸಿಗೆ ತಕ್ಕಂತೆ ಕಾಣಲಿ ಅಂತ ನಾನೇ ಅರದಿಂದ ತೀಡಿದ ಸಣ್ಣ ಸವೆತವೂ ಇತ್ತು. ಶನಿವಾರ ನನ್ನ ಲ್ಯಾಬಿನಿಂದ ಡಬ್ಬಿಯಲ್ಲಿ ಹೋದ ಸೆಟ್ಟು ನನ್ನೆದುರಿಗೆ ನಿಂತು, ಪ್ರಯಾಣ ಸುಖವಾಗಿತ್ತಾ ಅಂತ ಕೇಳುತ್ತಿತ್ತು.

ಕೂತ ಮೇಲೆ ಇನ್ನೊಂದು ಗೊತ್ತಾಯಿತು. ಅವರು "ಸಂಬಂಧ" ಅಂದಾಗ, "ಸಂಸಾರ" ಅಂದಾಗ ಸಣ್ಣದೊಂದು ಶಿಳ್ಳೆ ಬರುತ್ತಿತ್ತು. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿಕೊಂಡಿಲ್ಲ ಅಂತ ಅದರರ್ಥ. ಎಡಗಡೆಯ ದವಡೆ ಹಲ್ಲು ಒಂದು ಎತ್ತರವಾಗಿದೆ, ಕಚ್ಚಿದಾಗಲೆಲ್ಲ ಬಲಗಡೆ ಕಳಚಿಕೊಳ್ಳುತ್ತಿದೆ. ಟ್ರಯಲ್ ಮಾಡಿದ್ದರೆ ಎರಡು ನಿಮಿಷದಲ್ಲಿ ಸಿಕ್ಕಿಬೀಳುವ ತಪ್ಪು. ಕೂದಲು ಕತ್ತರಿಸಿಕೊಳ್ಳಲು ಹೋದದ್ದಕ್ಕೆ ನನ್ನ ತಲೆಯನ್ನೇ ಯಾರಾದರೂ ಕತ್ತರಿಸಿದ್ದರೆ ಚೆನ್ನಾಗಿತ್ತು.

ಚರ್ಮದ ಏಪ್ರನ್ ಕಟ್ಟಿದ ಗಡ್ಡದವನೊಬ್ಬ ಬಂದು ಎಲ್ಲರಿಗೂ ಒಂದೊಂದು ಕಾರ್ಡು ಕೊಟ್ಟ. ಏಳು ಐಟಮ್ಮು, ಆರಿಸಿಕೊಳ್ಳುವ ಹಾಗಿಲ್ಲ. "ಇವತ್ತು ಶೆಫ್ ನಿಮ್ಮನ್ನ ಒಂದು ಯಾತ್ರೆಗೆ ಕರ್ಕೊಂಡ್ ಹೋಗ್ತಾರೆ," ಅಂದ. ಉಳಿದವರು ಕಾರ್ಡನ್ನು ರುಚಿಗಾಗಿ ಓದಿದರು. ನಾನು ದವಡೆಗಾಗಿ ಓದಿದೆ. ಟೊಮೆಟೊ ನೊರೆ, ಪರವಾಗಿಲ್ಲ. ಕಡ್ಡಿಯಂಥ ಒಣ ಬ್ರೆಡ್ಡು, ನೋಡಬೇಕು. ಸ್ಕ್ವಿಡ್ ಅನ್ನುವ ಸಮುದ್ರಜೀವಿಯ ಕಪ್ಪು ಮಸಿಯಲ್ಲಿ ಕಲಸಿದ ಪಾಸ್ತಾ, ಗಟ್ಟಿಯಾಗಿರುವಾಗಲೇ ಇಳಿಸಿದ್ದು, ಕಷ್ಟ. ಕೆಂಡದ ಮೇಲೆ ಸುಟ್ಟ ಆಕ್ಟೋಪಸ್ ಕಾಲು, ದೇವರೇ ಗತಿ. ಕೊನೆಗೆ 'ಅಜ್ಜಿಯ ಭಾನುವಾರ', ಅಂದರೆ ಎರಡು ಸಲ ಬೇಯಿಸಿ ಕಲ್ಲಾದ ಬಾದಾಮಿ ಬಿಸ್ಕತ್ತು. ಈ ಶೆಫ್‌ನ ಅಜ್ಜಿಗೆ ಯಾರ ಮೇಲೆ ಸಿಟ್ಟಿತ್ತೋ.

ಲೆಕ್ಕ ಸರಳವಾಗಿತ್ತು. ಆ ಸೆಟ್ಟು ಎಲ್ಲರೆದುರು ಕಳಚಿ ತಟ್ಟೆಗೆ ಬಿದ್ದರೆ, ಅದನ್ನು ನೋಡಿದವರ ಮುಖವನ್ನು ಈ ಮನುಷ್ಯ ಈ ಜನ್ಮದಲ್ಲಿ ಮತ್ತೆ ನೋಡುವುದಿಲ್ಲ. ಮದುವೆ ಮುರಿಯುತ್ತದೆ. ಮುರಿದದ್ದು ನನ್ನ ಕೈಯಿಂದ ಅಂತ ನನಗೊಬ್ಬನಿಗೇ ಗೊತ್ತಿರುತ್ತದೆ.

ಬೀಗಿತ್ತಿಯಾಗಬೇಕಾದವರು ಗಂಡನ ಕಡೆ ವಾಲಿ, "ನಿಮಗೆ ಬರೀ ಸೂಪ್ ಹೇಳ್ಲಾ?" ಅಂತ ಮೆಲ್ಲಗೆ ಕೇಳಿದರು.

"ಯಾಕೆ, ನಾನೇನ್ ಮುದುಕನಾ?" ಅಂದರು ರೇಡಿಯೊದವರು. ಆಮೇಲೆ ನಮ್ಮ ಕಡೆ ತಿರುಗಿ, "ನೋಡಿ, ಈ ವಯಸ್ಸಿಗೆ ನನ್ನ ಒಂದು ಹಲ್ಲೂ ಅಲ್ಲಾಡಿಲ್ಲ. ದನಿ ಉಳೀಬೇಕಾದ್ರೆ ಹಲ್ಲು ಉಳೀಬೇಕು. ಏನಂತೀರಿ?"

ಕೇಳಿದ್ದು ನನ್ನನ್ನೇ. ಮಗಳ ಮುಖ ಬಿಳಿಚಿಕೊಂಡಿತು. ಮೇಜಿನ ಕೆಳಗೆ ಅವಳ ಕಾಲು ನನ್ನ ಕಾಲನ್ನು ತುಳಿಯಿತು. ಮೂವತ್ತೊಂದು ವರ್ಷದ ವಿದ್ಯೆ ಗಂಟಲವರೆಗೆ ಬಂದು ನಿಂತಿತ್ತು.

"ಸಂತೋಷ," ಅಂದೆ.

ನನ್ನ ಹೆಂಡತಿ ಮಾತ್ರ ಅವರ ಬಾಯನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ಮಾತು ಕೊಟ್ಟದ್ದು ನಾನೊಬ್ಬನೇ ತಾನೇ.

ನೊರೆ ಸುಖವಾಗಿ ಇಳಿಯಿತು. ಕಡ್ಡಿ ಬ್ರೆಡ್ಡನ್ನು ಅವರು ಮಾತಾಡುತ್ತಾ ಮಾತಾಡುತ್ತಾ ಬಾಯಲ್ಲೇ ನೆನೆಸಿ ನುಂಗಿದರು, ಬುದ್ಧಿವಂತರು. ಕಪ್ಪು ಪಾಸ್ತಾ ಬಂದಾಗ ಬೀಗಿತ್ತಿ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಅವರ ದವಡೆಗೆ ಕಾವಲು ಕೂತೆವು. ನಾನು ಒಂದು ತುತ್ತೂ ಬಾಯಿಗಿಡಲಿಲ್ಲ. ಕಣ್ಣು ಅವರ ದವಡೆಯ ಮೇಲಿದ್ದದ್ದಕ್ಕೆ ಫೋರ್ಕು ಜಾರಿ ಆ ಕಪ್ಪು ಮಸಿ ನನ್ನ ಕೋಟಿನ ಮೇಲೆ ಚೆಲ್ಲಿತು, ನ್ಯಾಪ್‌ಕಿನ್ನಿಂದ ಒರೆಸಿಕೊಂಡೆ. ಇಸ್ತ್ರಿ ಮಾಡಿಸಿದ್ದು ದಂಡವಾಯಿತು.

ಆಕ್ಟೋಪಸ್ ಬಂತು. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡರು. ಅಗಿದರು. ಅದು ಅಗಿಸಿಕೊಳ್ಳಲಿಲ್ಲ. ಮತ್ತೆ ಅಗಿದರು. ಬಲಗೆನ್ನೆ ಇದ್ದಕ್ಕಿದ್ದಂತೆ ಉಬ್ಬಿತು, ಮಾತು ಅರ್ಧಕ್ಕೆ ನಿಂತಿತು. ನ್ಯಾಪ್‌ಕಿನ್ ಬಾಯಿಗೆ ಒತ್ತಿಕೊಂಡು, ಯಾರ ಕಡೆಯೂ ನೋಡದೆ ಎದ್ದು ನಡೆದೇಬಿಟ್ಟರು.

"ಅಪ್ಪಂಗೆ ಫೋನ್ ಬಂತೇನೋ," ಅಂದ ಹುಡುಗ. ಅವನ ಅಮ್ಮ ತಟ್ಟೆ ನೋಡುತ್ತಾ ಕೂತರು.

ನಾನೂ ಎದ್ದೆ. "ಕೋಟು ತೊಳ್ಕೊಂಡ್ ಬರ್ತೀನಿ," ಅಂದೆ. ಬೇಡ ಅಂತ ಮಗಳ ಕಣ್ಣು ಅಂಗಲಾಚುತ್ತಿತ್ತು. ಅದನ್ನು ನೋಡಲಿಲ್ಲ ಅನ್ನುವಂತೆ ನಡೆದೆ. ಕೈಯಲ್ಲಿ ಕಪ್ಪಾದ ನ್ಯಾಪ್‌ಕಿನ್ ಹಾಗೇ ಇತ್ತು.

ಅಲ್ಲಿಯ ಬಾತ್‌ರೂಮಿನ ಬಾಗಿಲೂ ಗೋಡೆಯಂತೆಯೇ ಇತ್ತು. ಎರಡು ಗೋಡೆ ತಳ್ಳಿ ನೋಡಿ ಮೂರನೆಯದರಲ್ಲಿ ಒಳಗೆ ಹೋದೆ. ರೇಡಿಯೊದವರು ಬೇಸಿನ್ನಿನ ಮುಂದೆ ನಿಂತಿದ್ದರು. ಮೇಲಿನ ಸೆಟ್ಟು ಅಂಗೈಯಲ್ಲಿತ್ತು, ಕೆನ್ನೆ ಒಳಗೆ ಹೋಗಿ ಮುಖ ಹತ್ತು ವರ್ಷ ಮುದಿಯಾಗಿತ್ತು. ನನ್ನನ್ನು ಕಂಡವರೇ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡರು. "ಹೊರಗೆ ಹೋಗಿ," ಅಂದರು. ಮನೆಮನೆಗೆ ವಾರ್ತೆ ತಲುಪಿಸಿದ ದನಿ ಗಾಳಿ ಹೋದ ಚೆಂಡಿನಂತೆ ಕೇಳಿಸಿತು. ಅವರ ಕಣ್ಣಲ್ಲಿ ನೀರಿತ್ತು.

ಹಲ್ಲಿನ ಸುದ್ದಿ ಎತ್ತುವುದಿಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ. ಎತ್ತಲಿಲ್ಲ. ಕೈ ಚಾಚಿ, "ಕೊಡಿ," ಅಂದೆ ಅಷ್ಟೆ.

ಬೆನ್ನ ಹಿಂದಿನ ಕೈಯನ್ನು ಮೆಲ್ಲಗೆ ಮುಂದೆ ತಂದರು. ಆಮೇಲೆ ಕೊಟ್ಟರು.

ನನ್ನ ಕೋಟಿನ ಒಳಜೇಬಿನಲ್ಲಿ ಒಂದು ಸಣ್ಣ ಅರ ಯಾವಾಗಲೂ ಇರುತ್ತದೆ. ಎಲ್ಲಿ ಎತ್ತರವಾಗಿದೆ ಅಂತ ಗುರುತು ಹಿಡಿಯಲು ಲ್ಯಾಬಿನಲ್ಲಾದರೆ ಬಣ್ಣ ಬಿಡುವ ತೆಳು ಕಾಗದವಿದೆ. ಇಲ್ಲಿ ಅದೆಲ್ಲಿ ಬರಬೇಕು? ಟಿಶ್ಯೂ ಕಾಗದವೊಂದನ್ನು ಪಟ್ಟಿಯಾಗಿ ಹರಿದು, ನ್ಯಾಪ್‌ಕಿನ್ನಿನಲ್ಲಿದ್ದ ಪಾಸ್ತಾದ ಕಪ್ಪು ಮಸಿಯನ್ನು ಅದಕ್ಕೆ ಸವರಿದೆ. ಸೆಟ್ಟು ತೊಳೆದು ಒರೆಸಿ ವಾಪಸ್ ಕೊಟ್ಟೆ.

"ಹಾಕ್ಕೊಳ್ಳಿ. ಈಗ ಇದನ್ನ ಕಚ್ಚಿ. ಇನ್ನೊಂದ್ಸಲ. ತೆಗೀರಿ."

ಬಲಗಡೆ ಒಂದು ಚುಕ್ಕೆಯೂ ಇರಲಿಲ್ಲ. ಎಡಗಡೆಯ ಹಿಂದಿನ ದವಡೆ ಹಲ್ಲಿನ ತುದಿಯಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಕಪ್ಪು ಗುರುತು. ಅಲ್ಲಿ ಅರ ಆಡಿಸಿದೆ, ಐದು ಸಲ. ಮತ್ತೆ ಕಚ್ಚಿಸಿದೆ, ಮತ್ತೆ ಎರಡು ಸಲ ಆಡಿಸಿದೆ. ಈ ಸಲ ಮಸಿ ಎರಡೂ ಕಡೆ ಸಮನಾಗಿ ಹತ್ತಿತು. ತೊಳೆದುಕೊಟ್ಟೆ. ಅವರು ಹೆಬ್ಬೆರಳಿನಿಂದ ಒತ್ತಿದಾಗ ಸೆಟ್ಟು ಪಚಕ್ಕನೆ ಅಂಗುಳಕ್ಕೆ ಹಿಡಿದುಕೊಂಡಿತು. ಆ ಸದ್ದು ಕೇಳಿದರೆ ನನಗೆ ಇವತ್ತಿಗೂ ಮೈ ಪುಳಕಗೊಳ್ಳುತ್ತದೆ.

ಅವರು ಕನ್ನಡಿಯ ಕಡೆ ತಿರುಗಿ, "ಸಮಾಚಾರ. ಸಂಜೆಯ ಸಮಾಚಾರ," ಅಂದರು. ಶಿಳ್ಳೆ ಇರಲಿಲ್ಲ. ಬಾತ್‌ರೂಮು ತುಂಬ ಆ ದನಿ ನಿಂತಿತು.

"ನೀವು ಡಾಕ್ಟ್ರಾ?" ಅಂತ ಕೇಳಿದರು.

"ಅಲ್ಲ. ಚಿಕ್ಕದೊಂದು ಲ್ಯಾಬ್ ಇದೆ."

"ನೋಡಿ, ನಿಮ್ಮಂಥೋರು ಊರಲ್ಲೇ ಇರುವಾಗ, ಇದನ್ನ ಯಾವನೋ ಅಯೋಗ್ಯನ ಕೈಲಿ ಮಾಡಿಸಿದಾರೆ. ನಾಳೆ ಬೆಳಿಗ್ಗೆನೇ ಡಾಕ್ಟ್ರಮ್ಮಂಗೆ ಹೇಳ್ತೀನಿ, ಆ ಮನುಷ್ಯನಿಗೆ ಇನ್ಮೇಲೆ ಕೆಲಸ ಕೊಡಬೇಡಿ ಅಂತ."

ಒಬ್ಬ ರೋಗಿ ನನ್ನೆದುರು ನಿಂತು ನನ್ನ ಕೆಲಸದ ಬಗ್ಗೆ ಒಂದು ಮಾತಾಡಲಿ ಅಂತ ಮೂವತ್ತೊಂದು ವರ್ಷ ಕಾದಿದ್ದೆ. ಕೊನೆಗೂ ಒಬ್ಬರು ಸಿಕ್ಕರು, ಮಾತೂ ಆಡಿದರು. ಅವರು ಅಂದದ್ದರಲ್ಲಿ ಸುಳ್ಳೂ ಇರಲಿಲ್ಲ.

"ಪಾಪ, ಅವಸರದಲ್ಲಿ ಮಾಡಿರಬೇಕು," ಅಂದೆ.

"ಪಾಪ ಏನ್ ಬಂತು!"

"ಆದ್ರೂ ನೋಡಕ್ಕೆ ಚೆನ್ನಾಗಿ ಮಾಡಿದಾನೆ ಅಲ್ವಾ?" ನಾಚಿಕೆ ಬಿಟ್ಟು ಕೇಳಿದೆ.

"ಏನ್ ಚೆನ್ನ? ಇಲ್ನೋಡಿ, ಈ ಹಲ್ಲನ್ನ ಸೊಟ್ಟಗೆ ಕೂರಿಸಿದಾನೆ. ಅಷ್ಟೂ ಕಣ್ಣು ಕಾಣಲ್ಲ ಅವನಿಗೆ."

ನನಗೆ ರಕ್ತ ಕುದಿಯಿತು. ಎತ್ತರದ ದವಡೆ ಹಲ್ಲಿಗೆ ಎಷ್ಟು ಬೇಕಾದರೂ ಬೈಯಲಿ, ಅದು ನನ್ನ ತಪ್ಪು. ಆ ಎಡಗಡೆಯ ಹಲ್ಲಿನ ಸುದ್ದಿಗೆ ಬಂದರೆ ನಾನು ಮನುಷ್ಯನಾಗಿರುವುದಿಲ್ಲ. ಮಾಡಿದವನು ನಾನೇ ಕಣಯ್ಯಾ, ಬೇಡವಾದರೆ ತೆಗೆದು ನನ್ನ ಕೈಗೆ ಕೊಡು ಅನ್ನಲು ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಮಗಳು ನನ್ನ ಕಾಲು ತುಳಿದದ್ದು ನೆನಪಾಯಿತು. ಬಾಯಿ ಮುಚ್ಚಿದೆ.

"ಸ್ವಂತದ್ದು ಅಂತ ಕಾಣ್ಲಿ ಅಂತ ಹಂಗೆ ಕೂರಿಸ್ತಾರೆ," ಅಂದೆ.

"ಹೌದಾ?" ಅವರು ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡರು. "ಹೂಂ. ಇರಲಿ ಬಿಡಿ." ಆಮೇಲೆ ದನಿ ತಗ್ಗಿಸಿ, "ನನ್ನ ಹೆಂಡ್ತಿ ಬಿಟ್ರೆ ಯಾರಿಗೂ ಗೊತ್ತಿಲ್ಲ. ಮಗನಿಗೂ ಗೊತ್ತಿಲ್ಲ," ಅಂದರು.

"ಏನ್ ಗೊತ್ತಿಲ್ಲ? ನಾನು ಕೋಟು ತೊಳ್ಕೊಳ್ಳಕ್ಕೆ ಬಂದೆ," ಅಂದೆ.

ವಾಪಸ್ ಬಂದು ಕೂತಾಗ ಎಲ್ಲರೂ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಆಕ್ಟೋಪಸ್ಸಿನ ಉಳಿದ ತುಂಡುಗಳನ್ನು ರೇಡಿಯೊದವರು ಒಂದೊಂದಾಗಿ, ನಿಧಾನವಾಗಿ, ಸೇಡು ತೀರಿಸಿಕೊಳ್ಳುವಂತೆ ಅಗಿದು ಮುಗಿಸಿದರು. ಅಜ್ಜಿಯ ಬಿಸ್ಕತ್ತು ಬಂದಾಗ ಗಡ್ಡದವನು, "ಸಾರ್, ಇದನ್ನ ಕಾಫಿಲಿ ಅದ್ದಿ ತಿನ್ಬೇಕು," ಅಂದ.

"ಅದ್ದೋದು ಹಲ್ಲಿಲ್ಲದೋರು," ಅಂದು ಅವರು ಹಾಗೇ ಕಚ್ಚಿದರು. ಕರಕ್ ಅನ್ನುವ ಸದ್ದು ಪಕ್ಕದ ಮೇಜಿಗೂ ಕೇಳಿಸಿತು. ಹುಡುಗ ಅಪ್ಪನನ್ನು ಹೆಮ್ಮೆಯಿಂದ ನೋಡಿದ. ನಾನೂ ನೋಡಿದೆ, ಕಣ್ಣನ್ನು ಮಾತ್ರ.

"ಏನಂತೀರಿ ಬೀಗ್ರೇ?" ಅಂದರು ಅವರು.

ಮಗಳ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

"ಇವರು ನಂಗೆ ಹಿಡಿಸಿದ್ರು," ಅಂದರು ಹೆಂಡತಿಯ ಕಡೆ ತಿರುಗಿ. "ಮಾತು ಕಮ್ಮಿ. ಊಟ ಮಾಡ್ವಾಗ ಒಂಚೂರೂ ಸದ್ದು ಮಾಡಲ್ಲ."

ಸದ್ದು ಮಾಡಲು ನಾನು ಏನನ್ನಾದರೂ ತಿಂದಿದ್ದರೆ ತಾನೇ. ಆದರೆ ಮಗಳ ಮುಖ ನೋಡಿದ ಮೇಲೆ ಹಸಿವೂ ಇಲ್ಲ, ಏನೂ ಇಲ್ಲ. ನಾಳೆಯಿಂದ ಒಂದು ಕ್ಲಿನಿಕ್ಕಿನ ಕೆಲಸ ಹೋದರೆ ಹೋಗಲಿ ಅನ್ನಿಸಿತು.

"ನಿಮ್ದು ಲ್ಯಾಬ್ ಅಂತ ಮಗ ಹೇಳ್ದ, ಯಾವ್ ಲ್ಯಾಬು?" ಅಂತ ಬೀಗಿತ್ತಿ ಸೌಜನ್ಯಕ್ಕೆ ಕೇಳಿದರು.

"ಅದೆಲ್ಲ ಯಾಕೀಗ," ಅಂತ ರೇಡಿಯೊದವರೇ ಮಾತು ಕತ್ತರಿಸಿದರು. "ನಮ್ಮನೇಲಿ ಅದರ ಅಗತ್ಯ ಯಾರಿಗೂ ಬೀಳಲ್ಲ."

ಟ್ಯಾಕ್ಸಿಯಲ್ಲಿ ಮಗಳು ಮುಂದಿನ ಸೀಟಿನಲ್ಲಿ ಕೂತು ಹಿಂದೆ ತಿರುಗಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಅಪ್ಪ, ಒಂದ್ಸಲಾನೂ ಹಲ್ಲು ಅನ್ನಲಿಲ್ಲ ನೀನು. ಎಷ್ಟು ಕಷ್ಟ ಆಯ್ತೋ ಏನೋ."

"ಏನ್ ಮಹಾ ಕಷ್ಟ," ಅಂದೆ.

"ಈಗ ಹೇಳ್ಬಹುದು. ಅವರ ಹಲ್ಲು ನೋಡ್ದೆ ತಾನೇ? ಆ ವಯಸ್ಸಲ್ಲಿ ಎಷ್ಟು ಚೆಂದ ಇದೆ! ಸ್ವಂತದ್ದು ಸ್ವಂತದ್ದೇ ಅಲ್ವಾ ಅಪ್ಪ. ಬೇಜಾರ್ ಮಾಡ್ಕೋಬೇಡ, ನೀನು ಎಷ್ಟೇ ಒದ್ದಾಡಿದ್ರೂ ಹಂಗೆ ಮಾಡಕ್ಕಾಗಲ್ಲ."

"ಆಗಲ್ಲಮ್ಮ," ಅಂದೆ.

ಅವಳು ಮುಂದೆ ತಿರುಗಿ ಹುಡುಗನಿಗೆ ಫೋನು ಹಚ್ಚಿದಳು. ನಾನು ಕೋಟಿನ ಮೇಲಿನ ಕಪ್ಪು ಕಲೆ ನೋಡುತ್ತಾ ಕೂತೆ. ಇನ್ನು ಜೀವಮಾನವಿಡೀ, ಮನೆಯಲ್ಲಿ ಶುಭಕಾರ್ಯವಾದಾಗಲೆಲ್ಲ, ನನ್ನ ಕೈಕೆಲಸ ನನ್ನೆದುರು ಕೂತು ಊಟ ಮಾಡುತ್ತದೆ, ನಾನು ಅದರ ಕಣ್ಣು ನೋಡಿ ಮಾತಾಡಬೇಕು. ದುಃಖವೇ ಆಯಿತು, ಸುಳ್ಳೇಕೆ ಹೇಳಲಿ.

"ರೀ," ಅಂತ ಪಕ್ಕದಿಂದ ಹೆಂಡತಿ ಪಿಸುಗುಟ್ಟಿದಳು.

"ಏನೇ?"

"ಅವರ ಎಡಗಡೆ ಹಲ್ಲು ನಂದಲ್ವಾ?"

ಮದುವೆಗೆ ಮುಂಚೆ, ಅವಳು ಮೊದಲ ಸಲ ನನ್ನೆದುರು ಮೈಮರೆತು ನಕ್ಕಾಗ ಕಂಡ ಹಲ್ಲು ಅದು, ಕೂದಲೆಳೆಯಷ್ಟು ಒಳಗೆ ತಿರುಗಿದ್ದು. ಮರುಕ್ಷಣವೇ ನಾಚಿಕೊಂಡು ಕೈ ಅಡ್ಡ ಇಟ್ಟಿದ್ದಳು. ಶಾಲೆಯಲ್ಲಿ ಅವಳನ್ನು ಸೊಟ್ಟಹಲ್ಲಿ ಅಂತ ಆಡಿಸುತ್ತಿದ್ದರಂತೆ. ನಾನು ಅವಳಿಗೆ ಒಂದು ದಿನವೂ ಏನೂ ಹೇಳಿರಲಿಲ್ಲ, ಹ್ಯಾಗೆ ಹೇಳುವುದು ಅಂತಲೇ ಗೊತ್ತಾಗಿರಲಿಲ್ಲ.

"ಎಷ್ಟು ಜನರ ಬಾಯಿಗೆ ಹಾಕಿದೀರಿ ಅದನ್ನ?"

"ನಾಲ್ಕು ಸಾವಿರ ಆಗಿರಬಹುದು."

"ಅಯ್ಯೋ ನಿಮ್ಮ!" ಅಂದವಳಿಗೆ ನಗು ಬಂತು. ಅಭ್ಯಾಸದಂತೆ ಕೈ ಮೇಲೆದ್ದಿತು, ಅರ್ಧದಲ್ಲೇ ನಿಂತಿತು, ಮತ್ತೆ ಮಡಿಲಿಗೆ ಇಳಿಯಿತು. ಕೈ ಅಡ್ಡ ಇಡದೆ, ಬಾಯಿ ತುಂಬ ನಕ್ಕಳು.

ನಾನು ಅವಳ ಬಾಯನ್ನೇ ನೋಡಿದೆ. ಊಟ ಮುಗಿಯುವವರೆಗೆ ಅಂತ ತಾನೇ ಮಾತು ಕೊಟ್ಟದ್ದು.